ಗುಡ್ಡವಿಲ್ಲದ ವಿಲ್ಲಿಂಗ್ಡನ್

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ರೈಲಿನ ಹೆಸರು ಕೇರಳದಲ್ಲಿರುವ ಕನ್ನಡಿಗರಿಗೆ ಹೊಸದಲ್ಲ. 1988ರ ಜುಲೈ 8ರಂದು ಕೊಲ್ಲಂ ಹತ್ತಿರ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದೇ ರೈಲು. ಆದರೆ ಈಗ ಆ ರೈಲು ಹೋಗಿ ನಿಲ್ಲುವುದು ಯಾವ ದ್ವೀಪದಲ್ಲೂ ಅಲ್ಲ! ಮತ್ತೆ ಈ ಹೆಸರು ಎಲ್ಲಿಂದ ಬಂತು? ಒಂದು ಕಾಲಕ್ಕೆ ಅದು ಬೆಂಗಳೂರಿನಿಂದ ಹೊರಟು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿದ್ದ ಹಾರ್ಬರ್ ಟರ್ಮಿನಸ್‌ಗೆ ಬಂದು ನಿಲ್ಲುತ್ತಿತ್ತು. ಆಮೇಲೆ ರೈಲು ತಿರುವನಂತಪುರಕ್ಕೆ, ಅಲ್ಲಿಂದ ಕನ್ಯಾಕುಮಾರಿಗೆ ಮುಂದುವರಿಯಿತು. ದ್ವೀಪ ದಾರಿಯಿಂದ ತಪ್ಪಿತು, ಹೆಸರು ಮಾತ್ರ ಉಳಿಯಿತು.

ಬ್ಯಾಂಕಿನ ವರ್ಗಾವಣೆಯಲ್ಲಿ ಎರ್ನಾಕುಳಂಗೆ ಬಂದ ನಾನು, ಮಕ್ಕಳ ಓದು ಅದು ಇದು ಅಂತ ಇಲ್ಲೇ ನೆಲೆ ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಇಲ್ಲಿಯವರು ಪೂರ್ತಿ ಹೆಸರು ಹೇಳುವುದಿಲ್ಲ, ಬರೀ 'ಐಲ್ಯಾಂಡ್' ಅನ್ನುತ್ತಾರೆ. ನಾನು ಬಿ.ಕಾಂ. ಓದಿ ಲೆಕ್ಕ ಬರೆದವನೇ ಹೊರತು ಇತಿಹಾಸ ಓದಿದವನಲ್ಲ. ಆದರೂ ಒಂದು ಹೆಸರಿನ ಬೆನ್ನು ಹತ್ತಿದರೆ ಎಲ್ಲಿಗೆ ತಲುಪುತ್ತೇವೆ ಎನ್ನುವುದಕ್ಕೆ ಈ ವಿಲ್ಲಿಂಗ್ಡನ್ ಒಳ್ಳೆಯ ಉದಾಹರಣೆ. ಅದು ನಮ್ಮನ್ನು ನೇರ ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಗೆ ಕರೆದುಕೊಂಡು ಹೋಗುತ್ತದೆ.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಈಸ್ಟ್ ಸಸೆಕ್ಸ್ ಎಂಬ ಜಿಲ್ಲೆ ಇದೆ. ಅಲ್ಲಿನ ಈಸ್ಟ್‌ಬೋರ್ನ್ ಪಟ್ಟಣದ ಬಡಗಣ ಅಂಚಿನಲ್ಲಿ, ಸೌತ್ ಡೌನ್ಸ್ ಎಂಬ ಸುಣ್ಣದಕಲ್ಲಿನ ಬೆಟ್ಟಸಾಲಿನ ಬುಡದಲ್ಲಿ ಇರುವ ಊರೇ ವಿಲ್ಲಿಂಗ್ಡನ್. ಮೇಲೆ ಕುರಿ ಮೇಯುವ ಹುಲ್ಲುಗುಡ್ಡ, ಕೆಳಗೆ ಹೊಲ, ನಡುವೆ ಮನೆಗಳು, ಸೇಂಟ್ ಮೇರಿ ಚರ್ಚು. 'ಡನ್' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಗುಡ್ಡ. ವಿಲ್ಲ ಎನ್ನುವವನ ಗುಡ್ಡ, ಅದೇ ವಿಲ್ಲಿಂಗ್ಡನ್ ಎಂದು ಅರ್ಥ ಹೇಳುತ್ತಾರೆ. 1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದ ಜಮೀನು, ನೇಗಿಲು, ಗಿರಣಿ, ಒಕ್ಕಲುಗಳ ಲೆಕ್ಕವನ್ನೆಲ್ಲ ಬರೆಸಿದ. ಅದಕ್ಕೆ ಡೂಮ್ಸ್‌ಡೇ ಪುಸ್ತಕ ಎಂದು ಹೆಸರು. ನಮ್ಮ ಶ್ಯಾನುಭೋಗರ ಕಡತದ ಅಣ್ಣ ಅಂದುಕೊಳ್ಳಿ. ಆ ಪುಸ್ತಕದಲ್ಲೂ ಈ ಊರು ಇದೆ. ಅಂದರೆ ಸಾವಿರ ವರ್ಷದ ಹಳ್ಳಿ.

ಈ ಹಳ್ಳಿಯನ್ನು ನೀವು ಕೂಡ ಓದಿರುತ್ತೀರಿ, ಗಮನಿಸಿರಲಿಕ್ಕಿಲ್ಲ. ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್' (1945) ಕಾದಂಬರಿಯಲ್ಲಿ ತೋಟದ ಯಜಮಾನ ಜೋನ್ಸ್ ಕುಡಿಯಲು ಹೋಗುವ ರೆಡ್ ಲಯನ್ ಎಂಬ ಹೋಟೆಲು ಇರುವುದು ವಿಲ್ಲಿಂಗ್ಡನ್‌ನಲ್ಲಿ. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, ಬಾಲ್ಯದಲ್ಲಿ ಶಾಲೆಗೆ ಹೋದದ್ದು ಈ ಈಸ್ಟ್‌ಬೋರ್ನ್‌ನಲ್ಲಿ. ಹಾಗಾಗಿ ಪಕ್ಕದ ಹಳ್ಳಿಯ ಹೆಸರು ಅವನಿಗೆ ಗೊತ್ತಿತ್ತು.

ಈ ಊರಿನ ರ್‍ಯಾಟನ್ ಎಂಬ ಜಮೀನ್ದಾರಿ ಮನೆತನಕ್ಕೆ ಸೇರಿದವನು ಫ್ರೀಮನ್ ಫ್ರೀಮನ್-ಥಾಮಸ್. ಪಾರ್ಲಿಮೆಂಟ್ ಸದಸ್ಯನಾಗಿದ್ದ ಆತನಿಗೆ 1910ರಲ್ಲಿ ಲಾರ್ಡ್ ಪದವಿ ಬಂತು. ಲಾರ್ಡ್ ಆದವರು ಒಂದು ಊರಿನ ಹೆಸರು ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಈತ ತನ್ನ ಹಳ್ಳಿಯ ಹೆಸರನ್ನೇ ಆರಿಸಿಕೊಂಡ. ಅಂದಿನಿಂದ ಲಾರ್ಡ್ ವಿಲ್ಲಿಂಗ್ಡನ್! ಆಮೇಲೆ ಮುಂಬಯಿಯ ಗವರ್ನರ್ (1913-18), ಮದ್ರಾಸಿನ ಗವರ್ನರ್ (1919-24), ಕೆನಡಾದ ಗವರ್ನರ್ ಜನರಲ್, ಕೊನೆಗೆ 1931ರಿಂದ 1936ರವರೆಗೆ ಭಾರತದ ವೈಸ್‌ರಾಯ್. ಮದ್ರಾಸಿನ ಗವರ್ನರ್ ಅಂದರೆ ಆಗ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿಗೂ ಗವರ್ನರ್. ಫೋರ್ಟ್ ಕೊಚ್ಚಿಯೂ ಮಲಬಾರ್ ಜಿಲ್ಲೆಯ ತುಂಡಾಗಿ ಅದೇ ಪ್ರಾಂತ್ಯದಲ್ಲಿತ್ತು. ಆ ಲೆಕ್ಕದಲ್ಲಿ ನಮ್ಮ ಕರಾವಳಿ ಕನ್ನಡಿಗರ ತಾತಂದಿರಿಗೂ ಫೋರ್ಟ್ ಕೊಚ್ಚಿಯವರಿಗೂ ಒಬ್ಬನೇ ದೊರೆ.

ಇರಲಿ, ಈಗ ಕೊಚ್ಚಿಗೆ ಬರೋಣ.

ಕೊಚ್ಚಿ ಬಂದರು ಹುಟ್ಟಿದ್ದೇ ಒಂದು ನೆರೆಯಿಂದ ಎನ್ನುತ್ತಾರೆ. 1341ರಲ್ಲಿ ಪೆರಿಯಾರ್ ಉಕ್ಕಿ ಹರಿದು, ಬಡಗಣದ ಪ್ರಾಚೀನ ಮುಜಿರಿಸ್ ಬಂದರು ಹೂಳು ತುಂಬಿ ಮುಚ್ಚಿತು. ಇತ್ತ ಕೊಚ್ಚಿಯಲ್ಲಿ ಸಮುದ್ರಕ್ಕೆ ಅಳಿವೆ ಬಾಗಿಲು ತೆರೆಯಿತು. ವೈಪಿನ್ ಎಂಬ ಉದ್ದನೆಯ ದ್ವೀಪ ಮೇಲೆದ್ದಿತು. ಅದರ ನೆನಪಿಗೆ 'ಪುದುವೈಪ್' ಎಂಬ ಶಕೆಯನ್ನೇ ಎಣಿಸುತ್ತಿದ್ದರು. ಒಳಗೆ ವೆಂಬನಾಡ್ ಹಿನ್ನೀರು, ಎಷ್ಟು ಹಡಗು ಬಂದರೂ ಅಲುಗಾಡದೆ ನಿಲ್ಲಬಹುದಾದ ತಣ್ಣನೆಯ ನೀರು. ಆದರೆ ಬಾಗಿಲಿನಲ್ಲೇ ಗಟ್ಟಿ ಮರಳ ದಿಬ್ಬ. ದೊಡ್ಡ ಹಡಗುಗಳು ಹೊರಗಿನ ಸಮುದ್ರದಲ್ಲಿ ಲಂಗರು ಹಾಕಬೇಕು, ಸರಕನ್ನು ದೋಣಿಗಳಲ್ಲಿ ತುಂಬಿ ತಂದು ಇಳಿಸಬೇಕು. ಮಳೆಗಾಲದ ತೆರೆಯಲ್ಲಿ ಇದು ಜೀವದ ಮೇಲಿನ ಆಟ. ಮಂಗಳೂರಿನ ಹಳೇ ಬಂದರು ಕಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯದ್ದೂ ಇದೇ ಗೋಳು.

ದಿಬ್ಬ ಕಡಿಯಬೇಕು ಎಂಬ ಮಾತು ಹತ್ತೊಂಬತ್ತನೇ ಶತಮಾನದಲ್ಲೇ ಎದ್ದಿತ್ತು. 1867ರಲ್ಲಿ ಕೊಚ್ಚಿಯಲ್ಲಿ ವ್ಯಾಪಾರ ಶುರು ಮಾಡಿದ ಜಾನ್ ಆಸ್ಪಿನ್‌ವಾಲ್ ಅದರ ಪರವಾಗಿ ಬಹಳ ಓಡಾಡಿದ. (ಈತನ ಕಂಪನಿಯ ಹೆಸರು ಮಂಗಳೂರಿನ ಕಾಫಿ ಕ್ಯೂರಿಂಗ್ ಬಲ್ಲವರಿಗೆ ಪರಿಚಿತ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ 2012ರಿಂದ ಕೊಚ್ಚಿ ಬಿನಾಲೆಯ ಮುಖ್ಯ ತಾಣವಾಗಿ ಹೆಸರಾಯಿತು.) ಆದರೆ ಕೆಲಸ ಮುಂದಕ್ಕೆ ಹೋಗಲಿಲ್ಲ. ಬಾಗಿಲಿನ ದಿಬ್ಬ ಕಡಿದರೆ ನೀರಿನ ಸೆಳೆತ ಬದಲಾಗಿ ವೈಪಿನ್ ತೀರವೇ ಕೊಚ್ಚಿ ಹೋದೀತು ಎಂಬ ಭಯ ಒಂದು. ದುಡ್ಡು ಯಾರು ಹಾಕಬೇಕು ಎಂಬುದು ಇನ್ನೊಂದು.

1920ರ ಏಪ್ರಿಲ್‌ನಲ್ಲಿ ರಾಬರ್ಟ್ ಬ್ರಿಸ್ಟೊ ಎಂಬ ಇಂಜಿನಿಯರ್ ಬಂದಿಳಿದ. ಬ್ರಿಟಿಷ್ ನೌಕಾ ಇಲಾಖೆಯಲ್ಲಿ ಪಳಗಿದವನು. ಅವನನ್ನು ಕಳಿಸಿಕೊಟ್ಟದ್ದು ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್. ಬ್ರಿಸ್ಟೊ ಬಂದವನೇ ಮಣ್ಣು ಕಡಿಯಲು ಶುರು ಮಾಡಲಿಲ್ಲ. ಅಲೆ, ಗಾಳಿ, ಭರತ-ಇಳಿತ, ಮಳೆಗಾಲದ ಕೆಸರು ಎಲ್ಲವನ್ನೂ ಅಳೆದ. ವೈಪಿನ್ ತೀರ ಕೊರೆಯದಂತೆ ಕಗ್ಗಲ್ಲಿನ ತಡೆಗಳನ್ನು ಕಟ್ಟಿಸಿ ಪರೀಕ್ಷೆ ಮಾಡಿದ. ಆಮೇಲೆ ದಿಬ್ಬಕ್ಕೆ ಕೈ ಹಾಕಿದ.

ದುಡ್ಡಿನ ವಿಷಯ ನನ್ನಂಥವನಿಗೆ ಹೆಚ್ಚು ರುಚಿಸುವಂಥದ್ದು. ಬಾಗಿಲ ಬದಿಯ ಫೋರ್ಟ್ ಕೊಚ್ಚಿ ಬ್ರಿಟಿಷರದ್ದು. ಮಟ್ಟಾಂಚೇರಿ, ಎರ್ನಾಕುಳಂ ಕೊಚ್ಚಿ ಮಹಾರಾಜರದ್ದು. ಬಂದರಿಗೆ ಬರಬೇಕಾದ ಟೀ, ಮೆಣಸು, ತೆಂಗಿನ ನಾರು ಎಷ್ಟೋ ಪಾಲು ತಿರುವಾಂಕೂರಿನದ್ದು. ತಿರುವನಂತಪುರದಲ್ಲಿ ಕೂತ ತಿರುವಾಂಕೂರು ಸರಕಾರಕ್ಕೆ ತನ್ನದೇ ಆಲಪ್ಪುಳ ಬಂದರು ಇತ್ತು, 1762ರಲ್ಲಿ ತೆರೆದದ್ದು. ಕೊಚ್ಚಿ ಎದ್ದರೆ ಆಲಪ್ಪುಳ ಬೀಳುತ್ತದೆ ಎಂಬುದು ಯಾರಿಗೂ ಗೊತ್ತಿದ್ದ ಸಂಗತಿ. (ಹಾಗೇ ಆಯಿತು ಕೂಡ. ಈಗ ಆಲಪ್ಪುಳದಲ್ಲಿ ಮುರಿದ ಕಡಲ ಸೇತುವೆಯ ಕಂಬಗಳನ್ನು ನೋಡಬಹುದು.) ಮೂರು ಸರಕಾರಗಳನ್ನು ಒಂದು ಮೇಜಿನ ಸುತ್ತ ಕೂರಿಸಿ ಖರ್ಚು, ಆದಾಯ ಹಂಚುವ ಒಪ್ಪಂದ ಆದದ್ದು 1925ರಲ್ಲಿ. ಇಂದು ನಾವು ಕನ್ಸಾರ್ಟಿಯಂ ಸಾಲ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಎಲ್ಲರ ಸಹಿ ಬೀಳುವವರೆಗೆ ಕೆಲಸ ನಡೆಯದು!

1926ರಲ್ಲಿ 'ಲಾರ್ಡ್ ವಿಲ್ಲಿಂಗ್ಡನ್' ಎಂಬ ಹೆಸರಿನ ಡ್ರೆಜ್ಜರ್, ಅಂದರೆ ಹೂಳೆತ್ತುವ ಹಡಗು, ಬಂತು. ದಿನಕ್ಕೆ ಇಪ್ಪತ್ತು ಗಂಟೆ ದುಡಿಸಿದರಂತೆ ಅದನ್ನು. ಸುಮಾರು ಮೂರೂವರೆ ಮೈಲಿ ಉದ್ದ, 450 ಅಡಿ ಅಗಲದ ಕಾಲುವೆ ಸಮುದ್ರದ ತಳದಲ್ಲಿ ಸಿದ್ಧವಾಯಿತು. 1928ರ ಮೇ ತಿಂಗಳಲ್ಲಿ ಮುಂಬಯಿಯಿಂದ ಬಂದ 'ಪದ್ಮ' ಎಂಬ ಉಗಿಹಡಗು ದಿಬ್ಬ ದಾಟಿ ಒಳ ಬಂದರಿಗೆ ಬಂತು.

ಕಡಿದ ಮಣ್ಣು ಎಲ್ಲಿ ಹಾಕುವುದು? ಇಲ್ಲೇ ಬ್ರಿಸ್ಟೊನ ಬುದ್ಧಿವಂತಿಕೆ ಇರುವುದು. ಫೋರ್ಟ್ ಕೊಚ್ಚಿ-ಮಟ್ಟಾಂಚೇರಿ ಮತ್ತು ಎರ್ನಾಕುಳಂ ನಡುವಿನ ಹಿನ್ನೀರಿನಲ್ಲಿ ವೆಂಡುರುತ್ತಿ ಎಂಬ ಪುಟ್ಟ ದ್ವೀಪ ಮೊದಲಿನಿಂದಲೂ ಇತ್ತು. 'ತುರುತ್ತ್' ಅಂದರೆ ನಮ್ಮ ಕರಾವಳಿಯ 'ಕುದ್ರು' ಇದ್ದ ಹಾಗೆ, ನೀರಿನ ನಡುವಿನ ತುಂಡು ನೆಲ. ಅಲ್ಲಿ ಜನವಿದ್ದರು, ಚರ್ಚಿತ್ತು. ಆ ಕುದ್ರುವಿಗೆ ತಾಗಿಸಿ ಮಣ್ಣನ್ನು ಕೊಳವೆಗಳಲ್ಲಿ ಹರಿಸಿ ತುಂಬುತ್ತಾ ಹೋದರು. ಮೂರು ಚದರ ಕಿಲೋಮೀಟರಿಗೂ ತುಸು ಮಿಕ್ಕಿ, ಎಂಟುನೂರು ಎಕರೆಯ ಹತ್ತಿರ ಹೊಸ ನೆಲ ಬಂತು. ಪಡುವಣ ಬದಿಗೆ ಮಟ್ಟಾಂಚೇರಿ ಕಾಲುವೆ, ಮೂಡಣಕ್ಕೆ ಎರ್ನಾಕುಳಂ ಕಾಲುವೆ, ಎರಡೂ ಕಡೆ ಹಡಗು ಕಟ್ಟುವ ವಾರ್ಫು. ಮೂಡಣದಲ್ಲಿ ವೆಂಡುರುತ್ತಿ ಸೇತುವೆ, ಪಡುವಣದಲ್ಲಿ ತೋಪ್ಪುಂಪಡಿ ಕಡೆಗೆ ನಡುಭಾಗ ಮೇಲೆತ್ತಿ ಹಡಗು ಬಿಡುವಂಥ ಇನ್ನೊಂದು ಸೇತುವೆ. 1936ರಲ್ಲಿ ಕೊಚ್ಚಿ 'ಮೇಜರ್ ಪೋರ್ಟ್' ಆಯಿತು. ಹೀಗೆ ಗುಡ್ಡ ಎಂಬ ಅರ್ಥದ ಹೆಸರು, ಮೊಣಕಾಲೆತ್ತರದ ದಿಣ್ಣೆಯೂ ಇಲ್ಲದ, ಸಮುದ್ರದ ತಳದ ಮಣ್ಣಿನಿಂದ ಮಾಡಿದ ಚಪ್ಪಟೆ ನೆಲಕ್ಕೆ ಬಂದು ಕೂತಿತು.

ಈ ನೆಲದ ಮೇಲೆ ಇಂಗ್ಲಿಷರು ತಮಗೆ ಗೊತ್ತಿದ್ದ ಊರನ್ನೇ ಕಟ್ಟಿದರು. ನೇರ ರಸ್ತೆ, ಎರಡು ಬದಿಗೂ ಮರ, ದೊಡ್ಡ ಕಾಂಪೌಂಡಿನ ಬಂಗಲೆ, ಬಡಗಣ ತುದಿಯಲ್ಲಿ ಬಂದರು ಕಚೇರಿ ಮತ್ತು ಮಲಬಾರ್ ಹೋಟೆಲು (ಈಗಿನ ತಾಜ್ ಮಲಬಾರ್). ಇಂದಿಗೂ ಎರ್ನಾಕುಳಂನ ಗದ್ದಲದಿಂದ ಸೇತುವೆ ದಾಟಿ ಬಂದರೆ ಗಾಳಿಯೇ ಬೇರೆ ಅನ್ನಿಸುತ್ತದೆ. ಬ್ರಿಸ್ಟೊ ಸ್ವಲ್ಪ ಬೇರೆ ಥರದ ಮನುಷ್ಯನೂ ಹೌದು. ಯುರೋಪಿಯನ್ನರ ಕ್ಲಬ್ಬುಗಳಿಗೆ ಭಾರತೀಯರನ್ನು ಸೇರಿಸದಿದ್ದ ಕಾಲದಲ್ಲಿ ಆತ ಮತ್ತು ಆತನ ಹೆಂಡತಿ ಗರ್ಟ್ರೂಡ್ ಸೇರಿ ಎರ್ನಾಕುಳಂನಲ್ಲಿ ಎರಡೂ ಕಡೆಯವರಿಗೆ ಬಾಗಿಲು ತೆರೆದ ಲೋಟಸ್ ಕ್ಲಬ್ ಶುರು ಮಾಡಿದರು. 1941ರ ಏಪ್ರಿಲ್‌ನಲ್ಲಿ ಬ್ರಿಸ್ಟೊ ಊರಿಗೆ ಮರಳಿದ. ಅದೇ ವರ್ಷ ಆಗಸ್ಟಿನಲ್ಲಿ ಲಾರ್ಡ್ ವಿಲ್ಲಿಂಗ್ಡನ್ ತೀರಿಕೊಂಡ.

ಯುದ್ಧಕಾಲದಲ್ಲಿ ಬಂದರು ನೌಕಾಪಡೆಯ ಕೈಗೆ ಹೋಗಿ 1945ರಲ್ಲಿ ಮರಳಿತು. ಆದರೆ ವೆಂಡುರುತ್ತಿ ಭಾಗದಲ್ಲಿ ನೌಕಾನೆಲೆ ಉಳಿಯಿತು. ಈಗಿನ ಐಎನ್‌ಎಸ್ ವೆಂಡುರುತ್ತಿ ಮತ್ತು ದಕ್ಷಿಣ ನೌಕಾ ಕಮಾಂಡ್ ಇರುವುದು ಅಲ್ಲೇ. ನೌಕಾಪಡೆಯ ಒಂದು ಒಳ್ಳೆಯ ಕೆಲಸವೆಂದರೆ ಆ ಕುದ್ರುವಿನ ಹಳೆಯ ಹೆಸರನ್ನು ಉಳಿಸಿದ್ದು.

ಇಷ್ಟೆಲ್ಲ ಹೇಳಿದ ಮೇಲೆ ದುಡಿದವರ ಮಾತು ಹೇಳದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಹಡಗಿನ ಸರಕು ಇಳಿಸುವ ಕೂಲಿಗಳನ್ನು ಆರಿಸಲು ಕೊಚ್ಚಿಯಲ್ಲಿ 'ಚಾಪ್ಪ' ಎಂಬ ಪದ್ಧತಿ ಇತ್ತು. ಕೇಳಿದರೆ ನಮ್ಮ ಛಾಪಾ ಕಾಗದ ನೆನಪಾಗುತ್ತದೆ. ಚಾಪ್ಪ ಅಂದರೆ ಲೋಹದ ಬಿಲ್ಲೆ. ಬೆಳಿಗ್ಗೆ ಕಾದು ನಿಂತ ನೂರಾರು ಜನರ ಗುಂಪಿಗೆ ಮೇಸ್ತ್ರಿ ಬಿಲ್ಲೆಗಳನ್ನು ಎಸೆಯುವುದು. ಒಬ್ಬರ ಮೇಲೊಬ್ಬರು ಬಿದ್ದು, ಹೊಡೆದಾಡಿ ಯಾರು ಹೆಕ್ಕಿಕೊಳ್ಳುತ್ತಾರೋ ಅವರಿಗೆ ಆ ದಿನದ ಕೆಲಸ, ಆ ದಿನದ ಊಟ. ಇದರ ವಿರುದ್ಧ ಎದ್ದ ಕಾರ್ಮಿಕರ ಮೇಲೆ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಜೀವ ಹೋಯಿತು. ಅದರ ಮೇಲೆ 'ತುರಮುಖಂ' ಎಂಬ ಮಲಯಾಳಂ ಸಿನಿಮಾ 2023ರಲ್ಲಿ ಬಂತು, ಸಿಕ್ಕರೆ ನೋಡಿ.

ದ್ವೀಪದಲ್ಲೇ ವಾತುರುತ್ತಿ ಎಂಬ ಇನ್ನೊಂದು ಕಡೆ ಇದೆ. ತಮಿಳುನಾಡಿನಿಂದ ಕೂಲಿಗೆ ಬಂದವರು ಇಲ್ಲಿ ಒತ್ತೊತ್ತಾಗಿ ನೆಲೆಸಿ, ಅಂಗಡಿ, ಹಬ್ಬ, ಮಾತು ಎಲ್ಲ ತಮಿಳೇ ಆಗಿಬಿಟ್ಟಿದೆ. ಬಂಗಲೆಗಳ ರಸ್ತೆಯಿಂದ ಇಲ್ಲಿಗೆ ನಡೆದೇ ಬರಬಹುದು. ಮರದಡಿಯ ಬಂಗಲೆಗೆ ಇಂಜಿನಿಯರ್ ಹೆಸರಿನ 'ಬ್ರಿಸ್ಟೊ ರೋಡ್' ಇದೆ. ಮಣ್ಣು ಹೊತ್ತವರ, ಮೂಟೆ ಹೊತ್ತವರ ಹೆಸರಿನ ರಸ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಸ್ವಾತಂತ್ರ್ಯದ ನಂತರದ ಐವತ್ತು ವರ್ಷ ದ್ವೀಪದ ಸುವರ್ಣಕಾಲ. 1947ರಲ್ಲಿ ಟೀ ಹರಾಜು ಶುರುವಾಯಿತು, ಮುನ್ನಾರಿನ ಟೀ ಇಲ್ಲಿ ಬೆಲೆ ಕಂಡಿತು. ಕೊಡಗು, ಚಿಕ್ಕಮಗಳೂರಿನ ಕಾಫಿಯೂ ಕೊಚ್ಚಿಯಿಂದ ಹಡಗು ಹತ್ತಿತು. 1964ರಲ್ಲಿ ಬಂದರಿಗೆ ಟ್ರಸ್ಟ್ ಮಂಡಳಿ ಬಂತು. 1973ರಲ್ಲಿ 'ಪ್ರೆಸಿಡೆಂಟ್ ಟೈಲರ್' ಎಂಬ ಹಡಗು ಬಂದಾಗ ಭಾರತ ತನ್ನ ಮೊದಲ ಕಂಟೇನರ್ ಹಡಗನ್ನು ಕಂಡದ್ದು ಇದೇ ಕೊಚ್ಚಿಯಲ್ಲಿ. ಗಲ್ಫಿಗೆ ಹೋಗುವವರು ವಿಮಾನ ಹತ್ತುತ್ತಿದ್ದದ್ದೂ ದ್ವೀಪದ ನೌಕಾ ವಿಮಾನ ನಿಲ್ದಾಣದಲ್ಲೇ. ಬಂದರು, ರೈಲು, ವಿಮಾನ ಮೂರೂ ಒಂದೇ ಪುಟ್ಟ ನೆಲದಲ್ಲಿ!

ಆಮೇಲೆ ಒಂದೊಂದಾಗಿ ಹೋದವು. 1999ರ ಜೂನಿನಲ್ಲಿ ವಿಮಾನಗಳು ನೆಡುಂಬಾಶ್ಶೇರಿಗೆ ಹೋದವು. 2000ದ ದಶಕದಲ್ಲಿ ಹಾರ್ಬರ್ ಟರ್ಮಿನಸ್‌ಗೆ ಪ್ರಯಾಣಿಕ ರೈಲು ನಿಂತಿತು. 2018ರಲ್ಲಿ ಒಂದು ಡೆಮು ಗಾಡಿ ಓಡಿಸಿ ನೋಡಿದರು, ಹತ್ತುವವರಿಲ್ಲದೆ ಅದೂ ನಿಂತಿತು. 2011ರ ಫೆಬ್ರವರಿಯಲ್ಲಿ ಎದುರಿನ ವಲ್ಲಾರ್ಪಾಡಂ ದ್ವೀಪದಲ್ಲಿ ದೊಡ್ಡ ಕಂಟೇನರ್ ಟರ್ಮಿನಲ್ ತೆರೆದು ಕಂಟೇನರುಗಳೆಲ್ಲ ಅತ್ತ ಹೋದವು. ಅವುಗಳ ಹಿಂದೆ ಲಾರಿಗಳು, ಕ್ಲಿಯರಿಂಗ್ ಏಜೆಂಟರು, ಚಹಾದಂಗಡಿಗಳು ಕೂಡ.

ವಲ್ಲಾರ್ಪಾಡಂಗೆ ರಸ್ತೆ, ರೈಲು ಬೇಕಿತ್ತಲ್ಲ, ಅದಕ್ಕಾಗಿ ಮೂಲಂಪಿಳ್ಳಿ ಮತ್ತು ಸುತ್ತಲಿನ ಊರುಗಳ 316 ಕುಟುಂಬಗಳು ನೆಲ ಕಳೆದುಕೊಂಡವು. 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಜೆಸಿಬಿಗಳು ಮನೆ ಕೆಡವಿದ ಚಿತ್ರ ಇಡೀ ಕೇರಳ ನೋಡಿತು. ಪುನರ್ವಸತಿಯ ಜಗಳ ವರ್ಷಗಟ್ಟಲೆ ಎಳೆಯಿತು. ನಮ್ಮಲ್ಲೂ 1974ರಲ್ಲಿ ಮೇಜರ್ ಪೋರ್ಟ್ ಆದ ನವಮಂಗಳೂರು ಬಂದರಿಗಾಗಿ ಪಣಂಬೂರಿನವರು ಮನೆ, ತೆಂಗಿನತೋಟ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋದದ್ದು ಹಿರಿಯರಿಗೆ ನೆನಪಿರಬಹುದು. ಬಂದರಿನ ಲೆಕ್ಕಪತ್ರದಲ್ಲಿ ಇದಕ್ಕೆ 'ಭೂಸ್ವಾಧೀನ' ಎಂಬ ಒಂದೇ ಸಾಲು.

ಇನ್ನು ಹೂಳಿನ ಲೆಕ್ಕ. ಬ್ರಿಸ್ಟೊ ಕಡಿದ ಕಾಲುವೆ ಒಮ್ಮೆ ಕಡಿದು ಮುಗಿಯುವಂಥದ್ದಲ್ಲ. ಪ್ರತಿ ಮಳೆಗಾಲ ಸಮುದ್ರ ಮತ್ತೆ ಕೆಸರು ತಂದು ತುಂಬುತ್ತದೆ, ಬಂದರು ನೂರು ಕೋಟಿ ರೂಪಾಯಿಗೂ ಮಿಕ್ಕಿ ಖರ್ಚು ಮಾಡಿ ಮತ್ತೆ ಎತ್ತಿಸುತ್ತದೆ. ಸಮುದ್ರ ಕೊಟ್ಟ ಸಾಲದ ಬಡ್ಡಿ ಇದು, ಅಸಲು ಎಂದೂ ತೀರುವುದಿಲ್ಲ. ಈ ಮಧ್ಯೆ ತಿರುವನಂತಪುರದ ಹತ್ತಿರ ವಿಳಿಞ್ಞಂ ಬಂದರು 2025ರ ಮೇ 2ರಂದು ಉದ್ಘಾಟನೆಯಾಯಿತು. ಅಲ್ಲಿ ತೀರದ ಬಳಿಯಲ್ಲೇ ಸಹಜ ಆಳ, ಹೂಳೆತ್ತುವ ಗೋಜು ಇಲ್ಲವೆನ್ನುವಷ್ಟು ಕಡಿಮೆ. ನೂರು ವರ್ಷದ ಹಿಂದೆ ಆಲಪ್ಪುಳಕ್ಕೆ ಬಂದ ಚಿಂತೆ ಈಗ ಕೊಚ್ಚಿಗೆ ಬಂದಿದೆ ಅಂತ ಯಾರಾದರೂ ಅಂದರೆ ತಪ್ಪಲ್ಲ.

ದ್ವೀಪ ಸತ್ತಿದೆ ಎಂದು ಹೇಳುತ್ತಿಲ್ಲ. ಪ್ರವಾಸಿ ಹಡಗುಗಳು ಬರುತ್ತವೆ. 2024ರ ಜನವರಿಯಲ್ಲಿ ಕೊಚ್ಚಿ ಶಿಪ್‌ಯಾರ್ಡಿನ ಹಡಗು ರಿಪೇರಿ ಕೇಂದ್ರ ಇಲ್ಲಿ ಶುರುವಾಗಿದೆ. ವಾಟರ್ ಮೆಟ್ರೋ ದೋಣಿಯೂ ಬಂದಿದೆ. ಆದರೆ ಸಂಜೆಯ ಹೊತ್ತು ಒಳರಸ್ತೆಗಳಲ್ಲಿ ನಡೆದರೆ ಬೀಗ ಹಾಕಿದ ಗೋಡೌನು, ಹುಲ್ಲು ಬೆಳೆದ ರೈಲು ಹಳಿ, ಖಾಲಿ ಕ್ವಾರ್ಟರ್ಸ್ ಕಾಣುತ್ತವೆ.

ಇದಕ್ಕೆ ಕಾರಣ ಹಡಗು ಹೋದದ್ದು ಮಾತ್ರವಲ್ಲ ಎಂದು ನನಗೆ ಅನ್ನಿಸುತ್ತದೆ. ಕೇರಳದಲ್ಲಿ ಸಾಲಕ್ಕೆ ಬರುವವರು ಮೊದಲು ತರುವುದು 'ಆಧಾರಂ', ಅಂದರೆ ಜಮೀನಿನ ಕ್ರಯಪತ್ರ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಕಾಗದ. ಐಲ್ಯಾಂಡಿನ ಬಂದರು ನೆಲಕ್ಕೆ ಅಂಥ ಕಾಗದವಿಲ್ಲ, ಇರುವುದು ಲೀಸ್. ನೆಲ ಬಂದರಿನದ್ದು, ಉಳಿದವರು ಇಂತಿಷ್ಟು ವರ್ಷಕ್ಕೆ ಬಂದವರು. ಕಂಪನಿ ಮ್ಯಾನೇಜರು, ನೌಕಾಪಡೆಯ ಅಧಿಕಾರಿ, ಕಸ್ಟಮ್ಸಿನವರು, ನಮ್ಮ ಬ್ಯಾಂಕಿನವರು ಎಲ್ಲರೂ ವರ್ಗಾವಣೆ ಆದೇಶ ಹಿಡಿದು ಬಂದು, ಇನ್ನೊಂದು ಆದೇಶ ಹಿಡಿದು ಹೋದವರು. ಸಸೆಕ್ಸಿನ ವಿಲ್ಲಿಂಗ್ಡನ್‌ನಲ್ಲಿ ಜಮೀನ್ದಾರ ಹೋದರೂ ಊರು ಉಳಿಯಿತು. ಆ ಲಾರ್ಡ್ ಪದವಿಯೇ 1979ರಲ್ಲಿ ವಾರಸುದಾರರಿಲ್ಲದೆ ಕೊನೆಗೊಂಡಿತು, ಊರಿಗೆ ಏನೂ ಆಗಲಿಲ್ಲ. ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆ ರಾಮಮನೋಹರ ಲೋಹಿಯಾ ಆಸ್ಪತ್ರೆಯಾಯಿತು, ಲೇಡಿ ವಿಲ್ಲಿಂಗ್ಡನ್ ಪಾರ್ಕು ಲೋದಿ ಗಾರ್ಡನ್ ಆಯಿತು. ಕೊಚ್ಚಿಯಲ್ಲಿ ಹೆಸರು ಹಾಗೇ ಇದೆ. ಬದಲಿಸಿ ಎಂದು ಗಟ್ಟಿಯಾಗಿ ಕೇಳಲು, ಇದು ನಮ್ಮೂರು ಎನ್ನುವವರು ಹೆಚ್ಚಿಲ್ಲದ್ದೂ ಒಂದು ಕಾರಣ ಇರಬಹುದೇ?

ಹಾಗೆ ನೋಡಿದರೆ ಇಲ್ಲಿ ಇಂದಿಗೂ ಊರಿನ ಲಕ್ಷಣ ಕಾಣುವುದು ವಾತುರುತ್ತಿಯಲ್ಲಿ. ಬೆಳಿಗ್ಗೆ ಪಡಸಾಲೆಯಷ್ಟಗಲದ ಓಣಿಯಲ್ಲಿ ರಂಗೋಲಿ, ಸಂಜೆ ಮಕ್ಕಳ ಗಲಾಟೆ. ಕಾಗದ ಇಲ್ಲದವರೇ ಈ ನೆಲವನ್ನು ಹೆಚ್ಚು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಬಂದರಿನ ನೆಲದಲ್ಲಿ ಮುಂದೆ ಏನು ಕಟ್ಟಬೇಕು ಎಂಬ ಯೋಜನೆಗಳು ಬರುತ್ತಲೇ ಇರುತ್ತವೆ. ಅವನ್ನು ಬರೆಯುವವರು ಮೊದಲು ಈ ಓಣಿಯಲ್ಲಿ ಒಂದು ಸುತ್ತು ಹಾಕಲಿ.

ಕೊಚ್ಚಿಗೆ ಬರುವ ಕನ್ನಡಿಗರು ಸಾಮಾನ್ಯವಾಗಿ ಚೀನೀ ಬಲೆ, ಯಹೂದಿ ಬೀದಿ ನೋಡಿ ಹೊರಟುಬಿಡುತ್ತಾರೆ. ಮುಂದಿನ ಸಲ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ವೆಂಡುರುತ್ತಿ ಸೇತುವೆಯಿಂದ ಒಳಗೆ ಬನ್ನಿ, ಮೊದಲು ವಾತುರುತ್ತಿ, ಆಮೇಲೆ ಹಳೆಯ ಟರ್ಮಿನಸ್, ಕೊನೆಗೆ ಬಡಗಣ ತುದಿ. ಅಲ್ಲಿ ನಿಂತರೆ ಎದುರಿಗೆ ವಲ್ಲಾರ್ಪಾಡಂನ ಕ್ರೇನುಗಳು, ಎಡಕ್ಕೆ ಅಳಿವೆ ಬಾಗಿಲು ಕಾಣುತ್ತವೆ. ಡ್ರೆಜ್ಜರ್ ಕೂಡ ಕಂಡೀತು, ಅದರ ಕೆಲಸಕ್ಕೆ ರಜೆ ಕಡಿಮೆ.